ಬೆಳಕಿನ ಹಾದಿಗೆ ಲೆಕ್ಕ ಬರೆದ ಸರ್ ಸಿ. ವಿ. ರಾಮನ್

ನವೆಂಬರ್ ತಿಂಗಳು ಅಗಲಿದವರನ್ನು ಸ್ಮರಿಸುವ ತಿಂಗಳು. ಎರಡನೆಯ ತಾರೀಖಿನಂದು ನಮ್ಮ ಕುಟುಂಬಗಳು ಸಮಾಧಿಭೂಮಿಗೆ ತೆರಳಿ, ಕಲ್ಲನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಬರುವುದು ವಾಡಿಕೆ. ಇದೇ ತಿಂಗಳ 7ರಂದು ಜನಿಸಿ, ಇದೇ ತಿಂಗಳ 21ರಂದು ಕಣ್ಮುಚ್ಚಿದ ಮಹನೀಯರೊಬ್ಬರು ಬೆಂಗಳೂರಿನ ಮಣ್ಣಿನಲ್ಲೇ ಲೀನರಾಗಿದ್ದಾರೆ. ಬದುಕಿನುದ್ದಕ್ಕೂ ಬೆಳಕನ್ನೇ ಬೆನ್ನಟ್ಟಿದ ಸರ್ ಚಂದ್ರಶೇಖರ ವೆಂಕಟ ರಾಮನ್ ಅವರೇ ಆ ಮಹನೀಯರು.

ರಾಮನ್ ನಮ್ಮ ಮತದವರಲ್ಲ. ಆದರೂ ಅವರ ಬಾಳಿನ ಎರಡು ಮುಖ್ಯ ಘಟ್ಟಗಳಲ್ಲಿ ನಮ್ಮ ಧರ್ಮಸಭೆಯ ಶ್ರಮದ ಗುರುತು ಇದೆ. ಇನ್ನೊಂದು ಕಾರಣವೂ ಉಂಟು. ಮಾಕಳಿ, ಮಾದಾವರ, ದಾಸನಪುರ, ನೆಲಮಂಗಲಗಳ ಮನೆಗಳಿಂದ ದಿನವೂ ಪೀಣ್ಯದ ಕಾರ್ಖಾನೆಗಳತ್ತ, ಯಶವಂತಪುರದಾಚೆಯ ಕಚೇರಿಗಳತ್ತ ಸಾಗುವ ಯುವಜನರಲ್ಲಿ ಕೆಲವರಾದರೂ ಇಂದು ಗಣಕಯಂತ್ರದ ಮುಂದೆ ಕುಳಿತು ಯಂತ್ರಗಳ, ಮಸೂರಗಳ, ಲೇಸರುಗಳ ಲೆಕ್ಕ ಹಾಕುವವರು. ಒಂದು ಉಪಕರಣದೊಳಗೆ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ಅಂಕಿಗಳಲ್ಲಿ ಕಂಡುಕೊಳ್ಳುವ ವಿದ್ಯೆಗೆ ಅದೇ ತುಮಕೂರು ರಸ್ತೆಯ ಸಮೀಪದಲ್ಲಿ, 1935ರಲ್ಲಿ, ರಾಮನ್ ಮತ್ತು ಅವರ ಶಿಷ್ಯರೊಬ್ಬರು ಬಲವಾದ ಬುನಾದಿ ಹಾಕಿದರು. ನೊಬೆಲ್ ಬಹುಮಾನದ ಕಥೆ ಎಲ್ಲರಿಗೂ ಗೊತ್ತು. ಈ ಎರಡನೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಅದನ್ನು ಅವರ ಜೀವನದೊಡನೆ ಸೇರಿಸಿ ಹೇಳುವುದು ನಮ್ಮ ಇಂದಿನ ಉದ್ದೇಶ.

ವಿಶಾಖಪಟ್ಟಣದ ಶಾಲೆ

ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ವಿಶಾಖಪಟ್ಟಣದ ಕಾಲೇಜಿಗೆ ಬಂದುದರಿಂದ ಮಗನ ಬಾಲ್ಯ ಆ ಕಡಲತೀರದ ಊರಿನಲ್ಲಿ ಕಳೆಯಿತು. ಮನೆಯಲ್ಲಿ ಪುಸ್ತಕಗಳಿದ್ದವು, ಪಿಟೀಲಿನ ನಾದವಿತ್ತು. ಶಾಲೆಯೆಂದರೆ ಕಥೋಲಿಕ ಧರ್ಮಪ್ರಚಾರಕರು ನಡೆಸುತ್ತಿದ್ದ ಸಂತ ಅಲೋಶಿಯಸ್ ಆಂಗ್ಲೋ ಇಂಡಿಯನ್ ಪ್ರೌಢಶಾಲೆ. ಅದೇ ಸಂತರ ಹೆಸರಿನ ಕಾಲೇಜನ್ನು ಮಂಗಳೂರಿನಲ್ಲಿ ಕಂಡಿರುವ ನಮ್ಮ ಓದುಗರಿಗೆ ಇಂಥ ಶಾಲೆಗಳ ಶಿಸ್ತು, ಪಾಠದ ಅಚ್ಚುಕಟ್ಟುತನ ಹೊಸದಲ್ಲ. ಆ ಶಾಲೆಯಿಂದ ರಾಮನ್ ಮೆಟ್ರಿಕ್ಯುಲೇಷನ್ ಮುಗಿಸಿದಾಗ ಅವರ ವಯಸ್ಸು 11.

ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1904ರಲ್ಲಿ ಬಿ.ಎ. ಪದವಿ, ಭೌತಶಾಸ್ತ್ರದಲ್ಲಿ ಚಿನ್ನದ ಪದಕ. ವಿಲಾಯಿತಿಗೆ ಹೋಗಿ ಓದಲು ಯೋಗ್ಯತೆಯಿತ್ತಾದರೂ ಪರೀಕ್ಷಿಸಿದ ವೈದ್ಯಾಧಿಕಾರಿ ಆ ಸಣಕಲು ದೇಹ ಅಲ್ಲಿನ ಚಳಿಯನ್ನು ತಾಳದೆಂದು ತಡೆದರು. ಹುಡುಗ ಊರಲ್ಲೇ ಉಳಿದ. ಕಾಲೇಜಿನ ಸಾಧಾರಣ ಉಪಕರಣವೊಂದರಲ್ಲಿ ಬೆಳಕಿನ ಪಟ್ಟೆಗಳು ಎಡಬಲಗಳಲ್ಲಿ ಸಮನಾಗಿಲ್ಲದಿರುವುದನ್ನು ಗಮನಿಸಿ, ಅದಕ್ಕೆ ಕಾರಣವನ್ನು ತಾನೇ ಲೆಕ್ಕ ಹಾಕಿ ಬರೆದ ಲೇಖನ 1906ರ ನವೆಂಬರ್‌ನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಕಣ್ಣಿಗೆ ಕಂಡದ್ದನ್ನು ಅಂಕಿಗಳಿಗೆ ಇಳಿಸುವ ಈ ಅಭ್ಯಾಸ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಬೌಬಜಾರಿನ ಬಾಗಿಲು

ವಿಜ್ಞಾನವನ್ನೇ ನಂಬಿ ಹೊಟ್ಟೆ ಹೊರೆಯುವ ಅವಕಾಶ ಅಂದಿನ ಭಾರತೀಯನಿಗೆ ಇರಲಿಲ್ಲ. ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅದೇ ವರ್ಷ ಲೋಕಸುಂದರಿ ಅಮ್ಮಾಳ್ ಅವರೊಡನೆ ವಿವಾಹವಾಯಿತು. ಹದಿನೆಂಟರ ಅಧಿಕಾರಿ ಪತ್ನೀಸಮೇತರಾಗಿ ಕಲ್ಕತ್ತೆಗೆ ತೆರಳಿ ಕೆಲಸಕ್ಕೆ ಹಾಜರಾದರು.

ಒಂದು ಸಂಜೆ ಬೌಬಜಾರ್ ಬೀದಿಯ 210ನೆಯ ನಂಬರಿನ ಕಟ್ಟಡದ ಮೇಲೆ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಫಲಕ ಅವರ ಕಣ್ಣಿಗೆ ಬಿತ್ತು. ಇಲ್ಲಿ ನಾವು ಒಂದು ಕ್ಷಣ ನಿಂತು ಯೇಸುಸಭೆಯ ಗುರು ಯೂಜೀನ್ ಲಾಫೋಂ ಅವರನ್ನು ನೆನೆಯಬೇಕು. ಬೆಲ್ಜಿಯಂ ದೇಶದ ಮಾನ್ಸ್ ಪಟ್ಟಣದಲ್ಲಿ 1837ರಲ್ಲಿ ಹುಟ್ಟಿದ ಈ ಸ್ವಾಮಿಗಳು 1865ರಲ್ಲಿ ಕಲ್ಕತ್ತೆಯ ಸಂತ ಕ್ಸೇವಿಯರ್ ಕಾಲೇಜಿಗೆ ಬಂದು, ಅಲ್ಲಿ ವಿಜ್ಞಾನವನ್ನು ಪ್ರಯೋಗಗಳ ಮೂಲಕ ಕಲಿಸತೊಡಗಿದರು. ಜಗದೀಶಚಂದ್ರ ಬೋಸರು ಇವರ ಶಿಷ್ಯರು. ವೈದ್ಯರಾದ ಮಹೇಂದ್ರಲಾಲ್ ಸರ್ಕಾರ್ ಅವರು ಭಾರತೀಯರೇ ನಡೆಸುವ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಬೇಕೆಂದು ಹೊರಟಾಗ ಲಾಫೋಂ ಸ್ವಾಮಿಗಳು ಅವರ ಬೆಂಬಲಕ್ಕೆ ನಿಂತರು. 1876ರಲ್ಲಿ ಸಂಘ ಆರಂಭವಾದ ಮೇಲೆ ವರ್ಷಗಟ್ಟಲೆ ಅಲ್ಲಿ ಉಪನ್ಯಾಸಗಳನ್ನೂ ಕೊಟ್ಟರು. ರಾಮನ್ ಕಲ್ಕತ್ತೆಗೆ ಬಂದ ಮರುವರ್ಷವೇ, 1908ರಲ್ಲಿ, ಸ್ವಾಮಿಗಳು ತೀರಿಕೊಂಡರು. ಆದರೆ ಅವರೂ ಡಾಕ್ಟರ್ ಸರ್ಕಾರ್ ಅವರೂ ಕೂಡಿ ಬೆಳೆಸಿದ ಮನೆಯ ಬಾಗಿಲು ತೆರೆದೇ ಇತ್ತು. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಅಂದಿನಿಂದ ಬೆಳಿಗ್ಗೆ ಕಚೇರಿಗೆ ಮುನ್ನ, ಸಂಜೆ ಕಚೇರಿಯ ನಂತರ ರಾಮನ್ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. ಪಿಟೀಲು, ವೀಣೆ, ಮೃದಂಗ, ತಬಲಗಳ ನಾದವನ್ನು ಪರಿಶೀಲಿಸಿದರು. ತೊಗಲಿನ ವಾದ್ಯಗಳಲ್ಲಿ ಸ್ವರಶುದ್ಧಿ ಕಷ್ಟಸಾಧ್ಯವೆಂದಿರುವಾಗ ನಮ್ಮ ಮೃದಂಗದ ನಡುವಿನ ಕರಣೆ ಅದನ್ನು ಹೇಗೆ ಸಾಧಿಸುತ್ತದೆ ಎಂದು ತೋರಿಸಿದರು. ಶಬ್ದದ ಅಲೆಗಳ ಈ ಪರಿಚಯವೇ ಮುಂದೆ ಬೆಂಗಳೂರಿನಲ್ಲಿ ಅವರ ಕೈ ಹಿಡಿಯಲಿತ್ತು.

1917ರಲ್ಲಿ, ಹಿಂದೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅಶುತೋಷ್ ಮುಖರ್ಜಿಯವರ ಪ್ರಯತ್ನದಿಂದ ಸ್ಥಾಪಿತವಾಗಿದ್ದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ರಾಮನ್ ಒಪ್ಪಿಕೊಂಡರು. ಸರ್ಕಾರದ ಭದ್ರವಾದ ಹುದ್ದೆ, ಬಡ್ತಿ, ಗೌರವ ಎಲ್ಲವನ್ನೂ ಬಿಟ್ಟು, ಅದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ ಅವರು ಹೋದರು. ಮಗನಿಗೊಂದು ಸರ್ಕಾರಿ ಕೆಲಸ ಸಿಕ್ಕರೆ ಸಾಕೆಂದು ಹರಕೆ ಹೊರುವ ತಂದೆತಾಯಿಗಳಿಗೆ ಈ ನಿರ್ಧಾರದ ಬೆಲೆ ಏನೆಂದು ನಾವು ವಿವರಿಸಬೇಕಾಗಿಲ್ಲ. ಆ ಬೆಲೆಯಲ್ಲಿ ಲೋಕಸುಂದರಿ ಅಮ್ಮನವರ ಪಾಲೂ ಇತ್ತು.

ಕೋಟಿಗೊಂದು ಪಾಲು

1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಬಣ್ಣ ರಾಮನ್ ಅವರನ್ನು ಕಾಡಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂಬುದು ಅಂದಿನ ಹಿರಿಯರ ಅಭಿಪ್ರಾಯ. ಕಿಸೆಯಲ್ಲಿದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ಪ್ರತಿಬಿಂಬವನ್ನು ಮರೆಮಾಡಿ ನೋಡಿದರು. ನೀಲಿ ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರಿಗೆ ಮನದಟ್ಟಾಯಿತು.

ಆ ಜಾಡು ಹಿಡಿದು ಏಳು ವರ್ಷ ದುಡಿದ ಫಲವೇ 1928ರ ಫೆಬ್ರವರಿ 28ರ ಶೋಧ. ಕೆ. ಎಸ್. ಕೃಷ್ಣನ್ ಅವರ ನೆರವಿನೊಡನೆ ನಡೆದ ಆ ಪ್ರಯೋಗದಲ್ಲಿ, ದ್ರವದ ಮೂಲಕ ಚದುರಿದ ಬೆಳಕಿನ ಅತ್ಯಲ್ಪ ಭಾಗ, ಹೆಚ್ಚುಕಡಿಮೆ ಕೋಟಿಗೊಂದು ಪಾಲು, ತನ್ನ ಬಣ್ಣವನ್ನೇ ಬದಲಿಸಿಕೊಂಡು ಬರುತ್ತದೆಂಬುದು ಸಿದ್ಧವಾಯಿತು. ಯಾವ ಅಣು ಬೆಳಕನ್ನು ಮುಟ್ಟಿತೆಂಬ ಗುರುತು ಆ ಬದಲಾದ ಬಣ್ಣದಲ್ಲಿ ಉಳಿದಿರುತ್ತದೆ. 1929ರಲ್ಲಿ ಸರ್ ಪದವಿ, 1930ರಲ್ಲಿ ನೊಬೆಲ್ ಬಹುಮಾನ ಬಂದವು. 1987ರಿಂದ ಫೆಬ್ರವರಿ 28 ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲ್ಪಡುತ್ತಿದೆ.

ಟಾಟಾ ಇನ್‌ಸ್ಟಿಟ್ಯೂಟಿಗೆ

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರೇ ಮೊದಲ ಭಾರತೀಯ ನಿರ್ದೇಶಕರು. ಬಂದೊಡನೆ ಭೌತಶಾಸ್ತ್ರ ವಿಭಾಗವನ್ನು ತೆರೆದರು. ಮರುವರ್ಷ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ನಡಾವಳಿ ಪತ್ರಿಕೆಯನ್ನು ಹೊರಡಿಸಿದರು. ನಮ್ಮ ಸಂಶೋಧನೆ ನಮ್ಮ ನೆಲದಲ್ಲೇ ಅಚ್ಚಾಗಿ ಲೋಕದ ಕೈಸೇರಬೇಕೆಂಬುದು ಅವರ ಹಟವಾಗಿತ್ತು.

ಆ ದಿನಗಳಲ್ಲಿ ಯುರೋಪು, ಅಮೆರಿಕಗಳ ವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ಅತಿ ಮೇಲಿನ ಶ್ರುತಿಯ, ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ದ್ರವವೊಂದರೊಳಗೆ ಹಾಯಿಸಿ, ಆ ದ್ರವದ ಅಡ್ಡಲಾಗಿ ಬೆಳಕಿನ ಕಿರಣವನ್ನು ಬಿಟ್ಟರೆ, ಆಚೆಯ ಪರದೆಯ ಮೇಲೆ ಒಂದು ಚುಕ್ಕೆಯ ಬದಲು ಚುಕ್ಕೆಗಳ ಸಾಲೇ ಮೂಡುತ್ತಿತ್ತು. 1932ರಲ್ಲಿ ಅಮೆರಿಕದಲ್ಲಿ ಡೆಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಇದನ್ನು ಬೇರೆಬೇರೆಯಾಗಿ ಕಂಡಿದ್ದರು. ಜ್ಯೂರಿಕ್ಕಿನ ಬೇರ್ ಎಂಬ ವಿಜ್ಞಾನಿ ಚುಕ್ಕೆಗಳ ಪ್ರಖರತೆಯನ್ನು ಗಮನಿಸಿದಾಗ ಒಗಟು ಇನ್ನೂ ಬಿಗಿಯಾಯಿತು. ಶಬ್ದವನ್ನು ಏರಿಸುತ್ತ ಹೋದಂತೆ ನಡುವಿನ ಚುಕ್ಕೆ ಮಂಕಾಗಿ, ಪಕ್ಕದವು ಬೆಳಗಿ, ಮತ್ತೆ ಅವು ಮಂಕಾಗಿ, ಹೀಗೆ ಬೆಳಕು ಒಂದರಿಂದ ಇನ್ನೊಂದಕ್ಕೆ ಅಲೆದಾಡುತ್ತಿತ್ತು. ಇದಕ್ಕೆ ನಿಯಮವೇನೆಂದು ಹೇಳುವವರಿರಲಿಲ್ಲ.

ರಾಮನ್ ತಮ್ಮ ಶಿಷ್ಯ ಎನ್. ಎಸ್. ನಾಗೇಂದ್ರನಾಥರೊಡನೆ ಈ ಒಗಟನ್ನು ಕೈಗೆತ್ತಿಕೊಂಡರು. 1935 ಮತ್ತು 1936ರಲ್ಲಿ ಅಕಾಡೆಮಿಯ ನಡಾವಳಿಯಲ್ಲಿ ಐದು ಲೇಖನಗಳು ಒಂದರ ಹಿಂದೊಂದರಂತೆ ಬಂದವು. ಐದೂ ಸೇರಿ ಸುಮಾರು ನಲವತ್ತು ಪುಟ. ರಾಮನ್‌ನಾಥ್ ಸಿದ್ಧಾಂತವೆಂದು ಇಂದಿಗೂ ಪಠ್ಯಪುಸ್ತಕಗಳಲ್ಲಿರುವುದು ಅದೇ.

ತಗಡಿನ ಶೀಟಿನಂತಾದ ಬೆಳಕು

ಸಿದ್ಧಾಂತದ ತಿರುಳನ್ನು ಗಣಿತವಿಲ್ಲದೆಯೂ ತಿಳಿಯಬಹುದು. ಶಬ್ದವೆಂದರೆ ದ್ರವದೊಳಗೆ ಒತ್ತಾದ ಪದರ, ತೆಳುವಾದ ಪದರ, ಮತ್ತೆ ಒತ್ತಾದ ಪದರ ಹೀಗೆ ಸಾಗುವ ಅಲೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಶಬ್ದವಾದರೆ ಒಂದು ಒತ್ತು ಪದರದಿಂದ ಮುಂದಿನದಕ್ಕೆ ಕೇವಲ 0.15 ಮಿಲಿಮೀಟರ್ ಅಂತರ. ಒತ್ತಾದ ಪದರದಲ್ಲಿ ಬೆಳಕು ತುಸು ನಿಧಾನ, ತೆಳುವಾದಲ್ಲಿ ತುಸು ಬೇಗ. ಆದ್ದರಿಂದ ಚಪ್ಪಟೆಯಾಗಿ ಒಳಹೊಕ್ಕ ಬೆಳಕಿನ ಅಲೆಯ ಮುಖ, ಹೊರಬರುವಾಗ ಕಾರ್ಖಾನೆಗಳ ಮಾಡಿಗೆ ಹೊದಿಸುವ ತಗಡಿನ ಶೀಟಿನಂತೆ ಏರಿಳಿತಗಳಿಂದ ಕೂಡಿರುತ್ತದೆ. ಈ ಏರಿಳಿತವೇ ಬೆಳಕನ್ನು ನಿಶ್ಚಿತ ದಿಕ್ಕುಗಳಿಗೆ ಕವಲೊಡೆಸುತ್ತದೆ. ಮೇಲೆ ಹೇಳಿದ ಶಬ್ದಕ್ಕೆ, ಮೂರು ಮೀಟರ್ ದೂರದ ಪರದೆಯ ಮೇಲೆ ಚುಕ್ಕೆಗಳ ನಡುವಿನ ಅಂತರ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್.

ಯಾವ ಕವಲಿಗೆ ಎಷ್ಟು ಬೆಳಕು? ಜರ್ಮನಿಯ ಖಗೋಳಶಾಸ್ತ್ರಜ್ಞ ಬೆಸೆಲ್ ಹೆಸರಿನ ಗಣಿತ ಕೋಷ್ಟಕಗಳು ಆ ವೇಳೆಗೆ ಅಚ್ಚಿನಲ್ಲಿದ್ದವು. ಶಬ್ದದ ಬಲ, ದ್ರವದ ಅಗಲ, ಬೆಳಕಿನ ಬಣ್ಣ ಈ ಮೂರರಿಂದ ದೊರೆಯುವ ಒಂದೇ ಒಂದು ಸಂಖ್ಯೆಯನ್ನು ಹಿಡಿದು ಆ ಕೋಷ್ಟಕವನ್ನು ನೋಡಿದರೆ ಪ್ರತಿ ಕವಲಿನ ಪಾಲೂ ಸಿಗುತ್ತದೆಂದು ಗುರುಶಿಷ್ಯರು ತೋರಿಸಿದರು. ಉದಾಹರಣೆಗೆ ಆ ಸಂಖ್ಯೆ 1.84 ಆದಾಗ ನಡುವಿನ ಚುಕ್ಕೆಗೆ ನೂರಕ್ಕೆ 10, ಅದರ ಎಡಬಲದ ಎರಡಕ್ಕೆ ತಲಾ 34, ಅವುಗಳಾಚೆಯ ಎರಡಕ್ಕೆ ತಲಾ 10, ಮತ್ತೂ ಆಚೆಯ ಎರಡಕ್ಕೆ ತಲಾ 1. ಮಕ್ಕಳು ಕೂಡಿ ನೋಡಬಹುದು. ಮೊತ್ತ ಸರಿಯಾಗಿ 100. ಸಂಖ್ಯೆ 2.40ರ ಆಸುಪಾಸಿಗೆ ಬಂದಾಗ ನಡುವಿನ ಚುಕ್ಕೆ ಪೂರ್ತಿ ಆರಿಹೋಗುತ್ತದೆ. ನೇರವಾಗಿ ಬಂದ ದೀಪದ ಬೆಳಕಿಗೆ ನೇರವಾಗಿ ಹೋಗಲು ದಾರಿಯೇ ಇಲ್ಲ, ಎಲ್ಲವೂ ಪಕ್ಕಗಳಿಗೆ ಹಂಚಿಹೋಗಿರುತ್ತದೆ. ಬೇರ್ ಕಂಡಿದ್ದ ಅಲೆದಾಟ ಈ ಲೆಕ್ಕಕ್ಕೆ ಹೊಂದಿತು. ಕಿರಣವನ್ನು ಓರೆಯಾಗಿ ಬಿಟ್ಟರೆ ಏನಾಗುವುದೆಂದು ಎರಡನೆಯ ಲೇಖನ ತಿಳಿಸಿತು. ಸಾಗುತ್ತಿರುವ ಶಬ್ದದಿಂದ ಪ್ರತಿ ಕವಲಿನ ಬೆಳಕಿನ ಕಂಪನಸಂಖ್ಯೆಯೂ ತುಸು ಬದಲಾಗುವುದೆಂದು ಮೂರನೆಯದು ಹೇಳಿತು.

ಆದರೆ ಈ ಸುಲಭ ಲೆಕ್ಕಕ್ಕೆ ಒಂದು ಮಿತಿಯಿತ್ತು. ಶಬ್ದದ ಪದರಗಳು ಇನ್ನೂ ಕಿರಿದಾಗಿ ದ್ರವದ ಅಗಲ ಹೆಚ್ಚಿದರೆ, ಬೆಳಕು ಹೊರಬರುವ ಮೊದಲೇ ಒಳಗೇ ಬಾಗಿ, ಒಂದು ಕವಲಿನದು ಇನ್ನೊಂದಕ್ಕೆ ಸೇರತೊಡಗುತ್ತದೆ. ತಮ್ಮದೇ ಸಿದ್ಧಾಂತದ ಕೊರತೆಯನ್ನು ಮುಚ್ಚಿಡದೆ, ನಾಲ್ಕು ಮತ್ತು ಐದನೆಯ ಲೇಖನಗಳಲ್ಲಿ ಅವರು ವ್ಯಾಪಕವಾದ ಸಮೀಕರಣಗಳನ್ನು ಬರೆದರು. ಮನೆಗೆ ತಾರಸಿ ಹಾಕುವ ದಿನ ಸಾಲಾಗಿ ನಿಂತ ಆಳುಗಳು ಕಾಂಕ್ರೀಟಿನ ಬಾಂಡಲಿಯನ್ನು ಪಕ್ಕದವರಿಗೆ ದಾಟಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಯೇ ಪ್ರತಿ ಕವಲೂ ತನ್ನ ಎಡಬಲದ ಎರಡು ಕವಲುಗಳಿಗೆ ಮಾತ್ರ ಬೆಳಕನ್ನು ಕೊಡುತ್ತದೆ, ಅವುಗಳಿಂದ ಮಾತ್ರ ಪಡೆಯುತ್ತದೆ. ಕೊಡುವಾಗ ಹೊತ್ತೂ ಮುಖ್ಯ. ಉಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ತಳ್ಳಿದರೆ ಅದು ಮೇಲೇರುತ್ತದೆ, ತಪ್ಪು ಕ್ಷಣದಲ್ಲಿ ತಳ್ಳಿದರೆ ನಿಲ್ಲುತ್ತದೆ. ಅಂತೆಯೇ ಹೊತ್ತಿಗೆ ಸರಿಯಾಗಿ ಬಂದ ಬೆಳಕು ಕವಲನ್ನು ಬೆಳಗಿಸುತ್ತದೆ, ಹೊತ್ತು ತಪ್ಪಿ ಬಂದದ್ದು ಆರಿಸುತ್ತದೆ.

ಈ ಸಮೀಕರಣಗಳಿಗೆ ಎಲ್ಲ ಸಂದರ್ಭಗಳಿಗೂ ಒಗ್ಗುವ ಸುಲಭ ಉತ್ತರವಿಲ್ಲ. ಅಂಕಿಗಳಿಂದಲೇ ಹೆಜ್ಜೆಹೆಜ್ಜೆಯಾಗಿ ಸಾಗಬೇಕು. ದ್ರವವನ್ನು ಸಾವಿರ ತೆಳು ಹಾಳೆಗಳಂತೆ ಭಾವಿಸಿ, ಹನ್ನೊಂದು ಕವಲುಗಳನ್ನು ಲೆಕ್ಕಕ್ಕೆ ಹಿಡಿದರೆ, ಹನ್ನೊಂದು ಸಾವಿರ ಬಾರಿ ಕೊಡುಕೊಳ್ಳುವಿಕೆಯನ್ನು ಬರೆಯಬೇಕಾಗುತ್ತದೆ. ಪ್ರತಿ ಹಾಳೆಯ ಕೊನೆಗೂ ಮೊತ್ತ ನೂರಕ್ಕೆ ನೂರು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಮೊತ್ತ ತಪ್ಪಿದರೆ ಲೆಕ್ಕದಲ್ಲಿ ಎಲ್ಲೋ ಬೆಳಕು ಸೋರಿದೆಯೆಂದೇ ಅರ್ಥ. 1936ರಲ್ಲಿ ಕಾಗದ, ಪೆನ್ಸಿಲು ಹಿಡಿದು ಇದನ್ನು ಮಾಡುವುದು ಸಾಧ್ಯವಿರಲಿಲ್ಲ. 1960ರಲ್ಲಿ ಲೇಸರ್ ಬಂತು. 1967ರಲ್ಲಿ ಅಮೆರಿಕದ ಕ್ಲೈನ್ ಮತ್ತು ಕುಕ್ ಗಣಕಯಂತ್ರದ ಸಹಾಯದಿಂದ ಇಂಥ ಸಮೀಕರಣಗಳನ್ನು ಬಿಡಿಸಿ, ತೆಳು ಉಪಕರಣದಿಂದ ದಪ್ಪ ಉಪಕರಣದವರೆಗಿನ ಬದಲಾವಣೆಯನ್ನೆಲ್ಲ ಅಂಕಿಗಳಲ್ಲಿ ಮುಂದಿಟ್ಟರು. ಇಂದು ಲೇಸರ್ ಕಿರಣವನ್ನು ಶಬ್ದದಿಂದ ಹೊರಳಿಸುವ, ತಡೆಯುವ, ಬಣ್ಣ ಆರಿಸುವ ಹರಳುಗಳನ್ನು ತಯಾರಿಸುವ ಮುನ್ನ ವಿನ್ಯಾಸಕರು ಮಾಡುವುದು ಈ ಬಗೆಯ ಲೆಕ್ಕವನ್ನೇ. ದುಬಾರಿ ಹರಳನ್ನು ಕತ್ತರಿಸಿದ ಮೇಲೆ ತಪ್ಪು ತಿಳಿದರೆ ಪ್ರಯೋಜನವಿಲ್ಲ.

ಪದವಿ ಹೋಯಿತು, ಕೆಲಸ ನಿಲ್ಲಲಿಲ್ಲ

ಈ ಲೇಖನಗಳು ಅಚ್ಚಾಗುತ್ತಿದ್ದ ತಿಂಗಳುಗಳಲ್ಲೇ ರಾಮನ್ ಅವರ ಕಾಲ ಕೆಳಗಿನ ನೆಲ ಕುಸಿಯುತ್ತಿತ್ತು ಎಂಬುದನ್ನು ನಾವು ಮರೆಯಬಾರದು. ಹಿಟ್ಲರನ ಆಡಳಿತದಿಂದ ಕೆಲಸ ಕಳೆದುಕೊಂಡ ಯಹೂದಿ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡಿದ್ದರು. ಅವರಿಗೆ ಇಲ್ಲೇ ಕಾಯಂ ಪೀಠ ಕೊಡಿಸಬೇಕೆಂಬ ಯತ್ನ ಸಭೆಯಲ್ಲಿ ಕಟುವಾದ ವಿರೋಧವನ್ನು ಎದುರಿಸಿತು. ನಿರಾಶ್ರಿತರಾಗಿ ಬಂದ ವಿದ್ವಾಂಸರು ಅವಮಾನ ನುಂಗಿ 1936ರಲ್ಲಿ ಹಿಂದಿರುಗಬೇಕಾಯಿತು. ಆ ಬಾರ್ನ್ ಅವರಿಗೇ 1954ರಲ್ಲಿ ನೊಬೆಲ್ ಬಹುಮಾನ ಬಂತು.

ಭೌತಶಾಸ್ತ್ರಕ್ಕೆ ಹಣವೆಲ್ಲ ಹರಿಯುತ್ತಿದೆ, ನಿರ್ದೇಶಕರು ಯಾರ ಮಾತನ್ನೂ ಕೇಳುವುದಿಲ್ಲವೆಂಬ ದೂರುಗಳು ಬೆಳೆದವು. ಸರ್ ಜೇಮ್ಸ್ ಅರ್ವಿನ್ ಅವರ ಅಧ್ಯಕ್ಷತೆಯ ಸಮಿತಿ 1936ರಲ್ಲಿ ವಿಚಾರಣೆ ನಡೆಸಿತು. ರಾಮನ್ ಸರಳ ಸ್ವಭಾವದವರಾಗಿದ್ದರೂ ಮೃದುಭಾಷಿಯಲ್ಲ. ಮುಂಗೋಪ, ಹಟ, ತಾವೇ ಸರಿಯೆಂಬ ನಂಬಿಕೆ ಅವರಲ್ಲಿದ್ದವು. ದೂರುಗಳಲ್ಲಿ ಕೆಲವು ನಿಜ, ಕೆಲವು ದ್ವೇಷದ ಫಲ. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಹೊರ ಊರಿಗೆ ಹೋಗಿದ್ದರೆ ಕೈಚಾಚಿ ಕರೆದುಕೊಳ್ಳುವವರಿದ್ದರು. ಅವರು ಅದೇ ಸಂಸ್ಥೆಯಲ್ಲಿ, ತಾವು ಆಳಿದ ಜಾಗದಲ್ಲೇ, ಬರಿಯ ಪ್ರಾಧ್ಯಾಪಕರಾಗಿ 1948ರವರೆಗೆ ದುಡಿದರು. ಕುರ್ಚಿ ಹೋದಾಗ ಊರು ಬಿಡುವವರನ್ನು ಕಂಡಿರುವ ನಮಗೆ ಈ ಸಂಗತಿ ನೊಬೆಲ್ ಬಹುಮಾನಕ್ಕಿಂತ ಕಡಿಮೆಯದೆಂದು ತೋರುವುದಿಲ್ಲ.

ಮಹಾಪುರುಷರ ತಪ್ಪುಗಳನ್ನು ಮರೆಮಾಚುವುದು ಗೌರವವಲ್ಲ. 1933ರಲ್ಲಿ ಜೀವರಸಾಯನ ಕಲಿಯಲು ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರನ್ನು ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತುಗಳೊಡನೆ ಒಪ್ಪಿದರು. ಆಕೆಯ ಸಾಧನೆಯೇ ಮುಂದಿನವರಿಗೆ ಬಾಗಿಲು ತೆರೆಯಿತು. 1940ರಲ್ಲಿ ಕೇರಳದ ಸಿರಿಯನ್ ಕ್ರೈಸ್ತ ಮನೆತನದ ಅನ್ನಾ ಮಣಿ ರಾಮನ್ ಅವರ ಪ್ರಯೋಗಶಾಲೆ ಸೇರಿ ವಜ್ರ, ಮಾಣಿಕ್ಯಗಳಲ್ಲಿ ಬೆಳಕಿನ ವರ್ತನೆಯನ್ನು ಅಭ್ಯಸಿಸಿದರು. ಮುಂದೆ ನಮ್ಮ ದೇಶದ ಹವಾಮಾನ ಇಲಾಖೆಯ ಉಪಕರಣಗಳಿಗೆ ನೆಲೆ ಒದಗಿಸಿದವರು ಅವರೇ. ಹರಳುಗಳೊಳಗಿನ ಕಂಪನಗಳ ವಿಷಯದಲ್ಲಿ ರಾಮನ್ ಅದೇ ಬಾರ್ನ್ ಅವರೊಡನೆ ದೀರ್ಘ ವಾದಕ್ಕಿಳಿದರು. ಲೋಕ ಕೊನೆಗೆ ಬಾರ್ನ್ ಅವರ ಮಾತನ್ನೇ ಒಪ್ಪಿತು.

ಗುಲಾಬಿಗಳ ನಡುವೆ

1948ರಲ್ಲಿ ನಿವೃತ್ತರಾದ ರಾಮನ್, ಮೈಸೂರು ಸಂಸ್ಥಾನ ನೀಡಿದ್ದ ಜಮೀನಿನಲ್ಲಿ, ಇಂದಿನ ಮೇಖ್ರಿ ವೃತ್ತದ ಹತ್ತಿರ, ತಮ್ಮದೇ ಸಂಶೋಧನಾಲಯವನ್ನು ನೆಲೆಗೊಳಿಸಿದರು. ಸರ್ಕಾರದ ಅನುದಾನಕ್ಕೆ ಕೈಯೊಡ್ಡಲು ಒಪ್ಪದೆ ದಾನಿಗಳಿಂದ ಹಣ ಕೂಡಿಸಿದರು. 1954ರಲ್ಲಿ ಭಾರತರತ್ನ ಬಂತು. ಅಲ್ಲಿ ಅವರ ಸೋದರಳಿಯ ಎಸ್. ಪಂಚರತ್ನಂ ಎಂಬ ತರುಣ 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ಬಗೆಗೆ ಒಂದು ಲೇಖನ ಬರೆದರು. ಬೆಳಕಿನ ಸ್ಥಿತಿಯನ್ನು ಹಂತಹಂತವಾಗಿ ಬದಲಿಸುತ್ತ ಸುತ್ತಿಸಿ ಮೊದಲಿದ್ದಲ್ಲಿಗೇ ತಂದರೂ ಅಲೆಯ ಹೊತ್ತಿನಲ್ಲಿ ಒಂದು ವ್ಯತ್ಯಾಸ ಉಳಿಯುತ್ತದೆಂಬುದು ಅದರ ಸಾರ. ಪಂಚರತ್ನಂ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಕಲಿಸಿ, 1969ರಲ್ಲಿ ಮೂವತ್ತೈದರ ಹರಯದಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. 1980ರ ದಶಕದಲ್ಲಷ್ಟೇ ಲೋಕ ಆ ಲೇಖನದ ಮಹತ್ವವನ್ನು ಗುರುತಿಸಿತು. ಕೂದಲಿಗಿಂತ ತೆಳುವಾದ ಚಪ್ಪಟೆ ಮಸೂರಗಳನ್ನು ಇಂದು ಗಣಕದಲ್ಲಿ ವಿನ್ಯಾಸಗೊಳಿಸುವವರು ಅದೇ ತತ್ತ್ವವನ್ನು ಬಳಸುತ್ತಾರೆ.

ರಾಮನ್ ಕೊನೆಯವರೆಗೂ ಹೂಗಳ ಬಣ್ಣ, ರತ್ನಗಳ ಹೊಳಪುಗಳ ಅಧ್ಯಯನ ನಡೆಸಿದರು. ಗುಲಾಬಿ ತೋಟ ಅವರ ಪ್ರೀತಿಯ ತಾಣವಾಗಿತ್ತು. ಶಾಲಾಮಕ್ಕಳೊಡನೆ ಮಾತನಾಡುವುದೆಂದರೆ ಅವರಿಗೆ ಹಬ್ಬ. 1970ರ ನವೆಂಬರ್ 21ರ ಮುಂಜಾನೆ, 82ರ ವಯಸ್ಸಿನಲ್ಲಿ ಅವರು ತಮ್ಮ ಸಂಸ್ಥೆಯಲ್ಲೇ ಕೊನೆಯುಸಿರೆಳೆದರು. ಅಲ್ಲಿನ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಗೋರಿಯಿಲ್ಲ, ಒಂದು ಮರವಿದೆ. ಲೋಕಸುಂದರಿ ಅಮ್ಮನವರು 1980ರವರೆಗೆ ಬದುಕಿದ್ದರು.

ಪೀಣ್ಯದಿಂದ ಚಂದ್ರನವರೆಗೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾದ ಜಾಗದಲ್ಲಿ, ಇಸ್ರೋ ಸಂಸ್ಥೆಯ ಬೆಳಕಿನ ಉಪಕರಣಗಳ ಪ್ರಯೋಗಶಾಲೆಯಿದೆ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ 3ರ ಪ್ರಜ್ಞಾನ್ ಬಂಡಿ ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಹೊಮ್ಮಿದ ಬೆಳಕಿನ ಬಣ್ಣಗಳಿಂದ ಅಲ್ಲಿ ಗಂಧಕವಿದೆಯೆಂದು ಕಂಡುಹಿಡಿದ ಉಪಕರಣ ಸಿದ್ಧವಾದದ್ದು ಅಲ್ಲೇ. ಅದೇ ಯಾನದಲ್ಲಿ ಚಂದ್ರನ ಸುತ್ತ ತಿರುಗುತ್ತ ಭೂಮಿಯ ಬೆಳಕನ್ನು ಪರೀಕ್ಷಿಸಿದ ಇನ್ನೊಂದು ಉಪಕರಣವೂ ಬೆಂಗಳೂರಿನದು. ಅದರ ಹೃದಯಭಾಗದಲ್ಲಿ ಇದ್ದದ್ದು ಶಬ್ದದಿಂದ ಬೆಳಕಿನ ಬಣ್ಣ ಆರಿಸುವ ಹರಳು. ರಾಮನ್ ಮತ್ತು ನಾಗೇಂದ್ರನಾಥರು ದ್ರವದ ಪಾತ್ರೆಯ ಮುಂದೆ ಆರಂಭಿಸಿದ ಲೆಕ್ಕದ ವಂಶದ್ದೇ ಅದು.

ನಮ್ಮ ಕುಟುಂಬಗಳಿಗೆ ಈ ಬಾಳಿನಿಂದ ಏನು ಎಂಬ ಪ್ರಶ್ನೆ ಸಹಜ. ದೊಡ್ಡ ಉಪಕರಣಗಳಿಲ್ಲವೆಂದು ಕೈಕಟ್ಟಿ ಕೂರದೆ ಇದ್ದುದರಲ್ಲೇ ಕೆಲಸ ಮಾಡುವುದನ್ನು ಮಕ್ಕಳು ಇಲ್ಲಿ ಕಲಿಯಬಹುದು. ಮಗಳು ಅಥವಾ ಮಗ ಭದ್ರವಾದ ದಾರಿ ಬಿಟ್ಟು ತನ್ನ ಮನಸ್ಸು ಒಪ್ಪಿದ ವಿದ್ಯೆಯ ದಾರಿ ಹಿಡಿಯುತ್ತೇನೆಂದಾಗ ಗದರಿಸುವ ಮುನ್ನ ಒಮ್ಮೆ ಯೋಚಿಸುವುದನ್ನು ತಂದೆತಾಯಿಗಳು ಕಲಿಯಬಹುದು. ನಮ್ಮ ಶಾಲೆಗಳನ್ನು ನಡೆಸುವವರು ಲಾಫೋಂ ಸ್ವಾಮಿಗಳನ್ನು ನೆನೆಯಬಹುದು. ತಾವು ಕಲಿಸಿದ ಪಾಠ ಯಾರ ತಲೆಯಲ್ಲಿ, ಯಾವ ಊರಿನಲ್ಲಿ ಫಲ ಕೊಡುವುದೆಂದು ಕಲಿಸಿದವರಿಗೆ ತಿಳಿಯದು. ವಿಶಾಖಪಟ್ಟಣದ ಶಾಲೆಯ ಗುರುಗಳಿಗೂ ತಿಳಿದಿರಲಿಲ್ಲ. ಈ ತಿಂಗಳು ನಮ್ಮವರ ಹೆಸರುಗಳನ್ನು ಒಂದೊಂದಾಗಿ ನೆನೆದು ಪ್ರಾರ್ಥಿಸುವಾಗ, ನಮಗೆ ಅಕ್ಷರ ಕಲಿಸಿ ಮರೆಯಾದ ಗುರುಗಳ ಹೆಸರನ್ನೂ ಆ ಸಾಲಿಗೆ ಸೇರಿಸೋಣ.